ಶಟ್ಟೆವ್ವನ ಮಗ್ಗುಲಲ್ಲಿ

ಮುನವಳ್ಳಿ
೯ ನವೆಂಬರ್ ೧೯೧೧

ಪ್ರೀತಿಯ ಅಪ್ಪಾ,

ನಿಮ್ಮ ಮಗಳು ಸುಂದರವ್ವನ ವಂದನೆಗಳು. ಉಬ್ಬಸ ಹೇಗಿದೆ? ಗದಗಿನ ಚಳಿಯಲ್ಲಿ ಬೆಳಗಿನ ಪ್ರಾರ್ಥನೆಗೆಂದು ಕಂಬಳಿಯಿಲ್ಲದೆ ಹೊರಡಬೇಡಿ. ಅಣ್ಣ ಹೇಳಿದರೆ ಕೇಳುವವರಲ್ಲ ನೀವು, ಅತ್ತಿಗೆಯ ಮಾತನ್ನಾದರೂ ಕೇಳಿ.

ಇಲ್ಲಿಯ ಸುದ್ದಿ ಒಳ್ಳೆಯದಲ್ಲ. ದಸರೆಯ ಹೊತ್ತಿಗೆ ಇಲಿಗಳು ಸತ್ತು ಬೀಳತೊಡಗಿದವು. ಈಗ ಪ್ಲೇಗಿಗೆ ಅಂಜಿ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದೆ. ನೀವು ಕಟ್ಟಿ ನಡೆಸಿದ ನಮ್ಮ ಮಿಶನ್ ಶಾಲೆಗೆ ಬೀಗ ಬಿದ್ದಿದೆ. ಮಕ್ಕಳು ಬರಲಾಗದಿದ್ದರೆ ಮಾಸ್ತರನೇ ಹೋಗಬೇಕು ಎನ್ನುತ್ತಿದ್ದಿರಲ್ಲ, ಹಾಗೆ ಗುಡಿಸಲಿನಿಂದ ಗುಡಿಸಲಿಗೆ ತಿರುಗುತ್ತಿದ್ದೇನೆ. ಒಂದು ಕಡೆ ಪಾಠ, ಇನ್ನೊಂದು ಕಡೆ ಗಂಜಿ. ದಾರಿಯಲ್ಲಿ ಒಂದೊಂದು ಮಗುವಿನ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಕೆಲವು ಹೆಸರು ಬಂದಾಗ ಈಗ ನಾಲಿಗೆ ನಿಲ್ಲುತ್ತದೆ.

ಮುದಕಪ್ಪನ ಮಗಳು ಶಟ್ಟೆವ್ವ ನಿಮಗೆ ನೆನಪಿರಬೇಕು, ಸಾಲು ತಪ್ಪಬಾರದೆಂದು ಜೋಳದ ಕಡ್ಡಿ ಹಿಡಿದು ಓದುತ್ತಿದ್ದವಳು. ಮೊದಲು ಮುದಕಪ್ಪ ಹೋದ. ಆಮೇಲೆ ಅವಳಿಗೆ ಜ್ವರ ಬಂದು ಕಂಕುಳಲ್ಲಿ ಗಂಟು ಎದ್ದಿತು. ದೊಡ್ಡಪ್ಪನ ಮನೆಯವರು ಗಾಡಿ ಹೂಡಿಕೊಂಡು ತೊರಗಲ್ ಕಡೆಗೆ ಹೊರಟುಹೋದರು. ಉಳಿದವಳು ತಾಯಿ ಕೆಂಚವ್ವ ಒಬ್ಬಳೇ. ನಾನು ಹೋದಾಗ ಬಾಗಿಲಿಗೆ ಅಡ್ಡ ನಿಂತಳು. "ಒಳಗ ಬರ್ರಿ ಅಕ್ಕಾರ. ಆದ್ರ ನನ್ನ ಮಗಳ ತಲಿಗೆ ನೀರು ಹಾಕಿ ನಿಮ್ಮ ಮತಕ್ಕ ಸೇರಿಸಬ್ಯಾಡ್ರಿ. ಆಕಿ ಅವರಪ್ಪನ ಮಗ್ಗಲಕ್ಕ ಹೋಗಬೇಕು." ಮಾತು ಕೊಟ್ಟು ಒಳಗೆ ಹೋದೆ, ಅಲ್ಲಿಯೇ ಉಳಿದೆ.

ಜ್ವರ ಇಳಿದ ಹೊತ್ತಿನಲ್ಲಿ ಶಟ್ಟೆವ್ವ ಕೇಳಿದಳು, "ಅಕ್ಕಾರ, ನಾ ನಿಮ್ಮಾಕಿ ಅಲ್ಲ. ಆದರೂ ನಿಮ್ಮ ಯೇಸುಸ್ವಾಮಿ ನನ್ನ ಮಾತು ಕೇಳತಾನೇನ್ರಿ?" ದಿನಾಲೂ ಅವಳ ಹೆಸರನ್ನು ಆತನ ಮುಂದೆ ಹೇಳುತ್ತೇನೆ ಎಂದೆ. "ಹಂಗಾದ್ರ ನಮ್ಮವ್ವ ಒಬ್ಬಾಕಿ ಆಗಬಾರದು ಅಂತ ಹೇಳ್ರಿ" ಎಂದಳು. ತನಗೆಂದು ಏನನ್ನೂ ಬೇಡಲಿಲ್ಲ ಅಪ್ಪಾ, ಆ ಕೂಸು.

ಉಪದೇಶಿ ಸತ್ಯಪ್ಪನವರು ಬಂದು ಹೊಲದ ಬದುವಿನ ಮೇಲೆಯೇ ನಿಂತು ಕೂಗಿದರು, "ದೀಕ್ಷಾಸ್ನಾನ ಕೊಟ್ಟುಬಿಡ್ರಿ, ಒಂದು ಆತ್ಮರೆ ಉಳಿಯಲಿ!" ಆಗುವುದಿಲ್ಲ ಎಂದೆ. ಮಿಶನ್ ಸಾಹೇಬರಿಗೆ ದೂರು ಬರೆಯುತ್ತೇನೆಂದು ಸಿಟ್ಟಿನಿಂದ ಹೋದರು. ಬರೆಯಲಿ. ತಾಯಿಗೆ ಕೊಟ್ಟ ಮಾತು ಮುರಿದು ಮಗಳನ್ನು ಒಪ್ಪಿಸಿದರೆ ಯೇಸು ಅದನ್ನು ಮೆಚ್ಚಲಾರ ಎಂದು ನನಗೆ ಅನ್ನಿಸಿತು. ತಪ್ಪಿದ್ದರೆ ನೀವು ಹೇಳಿ.

ಸೋಮವಾರ ಬಿಸಿಲೇರುವ ಮುಂಚೆ ಶಟ್ಟೆವ್ವನ ಉಸಿರು ನಿಂತಿತು. ಕರೆದರೂ ಯಾರೂ ಬರಲಿಲ್ಲ, ಮಂತ್ರ ಹೇಳಬೇಕಾದ ಅವರ ಮಠದ ಅಯ್ಯನವರೂ ಬರಲಿಲ್ಲ. ಮುದಕಪ್ಪನ ಮಗ್ಗುಲಲ್ಲಿ ಕೆಂಚವ್ವ ಮತ್ತು ನಾನೇ ಕುಣಿ ತೋಡಿದೆವು. ಆಕೆ ನನ್ನ ಕೈ ಹಿಡಿದು, "ನೀವ ಏನರೆ ಅನ್ರಿ ಅಕ್ಕಾರ, ಹಂಗ ಸುಮ್ಮನ ಮಣ್ಣು ಎಳಿಯೂದು ಬ್ಯಾಡ" ಎಂದಳು. ಪ್ರಾರ್ಥನೆ ಶುರುಮಾಡಿದೆ, ಶಟ್ಟೆವ್ವನ ಹೆಸರು ಬಂದಾಗ ಅತ್ತುಬಿಟ್ಟೆ. ಉಳಿದದ್ದನ್ನು ಆಕೆ ತನ್ನ ಬಸವಣ್ಣನನ್ನು ಕರೆದು ಮುಗಿಸಿದಳು.

ಅಣ್ಣ ಅತ್ತಿಗೆಯರಿಗೆ ವಂದನೆ, ಮಕ್ಕಳಿಗೆ ಮುತ್ತು. ಕರ್ತನು ನಿಮ್ಮ ಉಸಿರನ್ನು ಹಗುರ ಮಾಡಲಿ.

ನಿಮ್ಮ ಮಗಳು,
ಸುಂದರವ್ವ

ತಾ.ಕ.: ಟಪಾಲಿನ ಅಂದಾನೆಪ್ಪ ಸವದತ್ತಿಗೆ ಹೊರಟು ದೂರದಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆಯಿಂದ ನನಗೂ ಜ್ವರ, ತೊಡೆಸಂದಿಯಲ್ಲಿ ಗಂಟು. ನೀವಾಗಲಿ ಅಣ್ಣನಾಗಲಿ ಬರಕೂಡದು. ಕೆಂಚವ್ವನಿಗೆ ತೊರಗಲ್ಲಿಗೆ ಹೋಗು ಎಂದೆ. "ನೀವು ನನ್ನ ಮಗಳನ್ನ ಬಿಟ್ಟು ಹೋದ್ರೇನು? ನಾನೂ ಹೋಗಾಕಿ ಅಲ್ಲ" ಎಂದು ನನ್ನ ಹಣೆಗೆ ಒದ್ದೆ ಅರಿವೆ ಹಾಕುತ್ತ ಕುಳಿತಿದ್ದಾಳೆ. ನಾನು ಉಳಿಯದಿದ್ದರೆ ಆಕೆಯನ್ನು ನಿಮ್ಮ ಮನೆಗೆ ಕರೆಸಿಕೊಳ್ಳಿ. ಆಕೆಯ ಕೊರಳಿನ ಲಿಂಗ ಹಾಗೆಯೇ ಇರಲಿ.