ಗಡಿಕಲ್ಲು ಕಿತ್ತವರು ಯಾರು

ಹುಣಸಮಾರನಹಳ್ಳಿ
೨೧-೨-೨೦೧೯, ಗುರುವಾರ

ಪ್ರೀತಿಯ ಮಗ ಮಹೇಂದ್ರನಿಗೆ,

ಹೇಗಿದ್ದೀಯ? ಮಾಕಳಿಯ ಆ ರೂಮಿನಲ್ಲಿ ಧೂಳು ಜಾಸ್ತಿಯಂತೆ, ಕೆಮ್ಮು ನಿಂತಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನೀನು ನನ್ನ ಫೋನ್ ತೆಗೆಯುವುದಿಲ್ಲ, ಅದಕ್ಕೇ ಈ ಕಾಗದ. ಹರಿದು ಹಾಕುವ ಮುಂಚೆ ಪೂರ್ತಿ ಓದು. ನಿನ್ನಮ್ಮ ಚೆನ್ನಾಗಿದ್ದಾಳೆ, ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಅಷ್ಟೇ.

ಸೋಮವಾರ ನಿನ್ನ ತಂಗಿ ನಿನ್ನ ಕಂಪ್ಯೂಟರಿನಲ್ಲಿ ಯಾವುದೋ ಆಟ ಆಡುತ್ತಿದ್ದಳು. ಪರೀಕ್ಷೆ ಹತ್ತಿರ ಬಂತು, ಇದೇನಿದು ಅಂತ ವೈರು ಕೀಳಲು ಹೋದವನು ಅಲ್ಲೇ ಕೂತುಬಿಟ್ಟೆ. ಏಳುನೂರು ವರ್ಷದ ಹಿಂದಿನ ಯಾವುದೋ ವಿಲಾಯಿತಿ ಊರು, ಮಠದಲ್ಲಿ ಒಬ್ಬ ಸನ್ಯಾಸಿಯ ಕೊಲೆಯಾಗಿದೆ. ನಾವೇ ಪತ್ತೇದಾರರು. ಸಂಜೆ ಗಂಟೆ ಹೊಡೆಯುವುದರೊಳಗೆ ರಾಜನ ಅಧಿಕಾರಿಗೆ ಕೊಲೆಗಾರನ ಹೆಸರು ಹೇಳಬೇಕು. ನಿನ್ನ ತಂಗಿ ಇಂಗ್ಲಿಷ್ ಓದಿ ಅರ್ಥ ಹೇಳುತ್ತಾ ಹೋದಳು. ಕಟ್ಟೆಯಲ್ಲಿ ಕೂತು ಊರಿನ ಪಂಚಾಯಿತಿ ಮಾಡಿದವನಿಗೆ ಇದೇನು ಮಹಾ ಅನ್ನಿಸಿತು. ಕುದುರೆ ಲಾಯದ ಆಳು ಯಾವ ಪ್ರಶ್ನೆಗೂ ಬಾಯಿ ಬಿಡಲಿಲ್ಲ. "ಇವ್ನೇ ಕಣಮ್ಮ, ಒತ್ತು" ಅಂದೆ. "ಅಪ್ಪಾ, ಇನ್ನೂ ಟೈಮ್ ಇದೆ, ಮಿಕ್ಕಿದ್ ಜಾಗಾನೂ ನೋಡೋಣ" ಅಂತ ಅವಳು ಗೋಗರೆದಳು. ನಾನು ಯಾರ ಮಾತು ಕೇಳುವವನು? ಒತ್ತಿಸಿದೆ. ಅವನನ್ನು ಗಲ್ಲಿಗೇರಿಸಿದರು. ಆಮೇಲೆ ಒಬ್ಬ ಮುದುಕಿ ಬಂದು, ಕೊಲೆಯಾದ ಹೊತ್ತಿಗೆ ಅವನು ನಮ್ಮ ಬಾವಿಗಿಳಿದು ಹೂಳೆತ್ತುತ್ತಿದ್ದ ಅಂದಳು. ಆಟ ಮುಗಿಯಿತು. ಹನ್ನೊಂದು ಜಾಗದಲ್ಲಿ ನಾವು ನೋಡಿದ್ದು ಮೂರೇ ಅಂತೆ. ಚಿತ್ರದ ಮನುಷ್ಯನಿಗಾಗಿ ನನಗೆ ಊಟ ಸೇರಲಿಲ್ಲ ಅಂದರೆ ನಗುತ್ತೀಯೇನೋ.

ನಿನಗೂ ಹಾಗೇ ಮಾಡಿದೆನಲ್ಲ. ಹೊಲ ಸಮ ಮಾಡಲು ಜೆಸಿಬಿ ತರಿಸಿದವನು ನೀನು. ಆ ವಾರವೇ ನಮ್ಮ ಹೊಲಕ್ಕೂ ನಿನ್ನ ಚಿಕ್ಕಪ್ಪ ಮುನಿಯಣ್ಣನ ಹೊಲಕ್ಕೂ ನಡುವಿನ ಗಡಿಕಲ್ಲು ಕಾಣೆಯಾಯಿತು. ಕಟ್ಟೆಯಲ್ಲಿ ನೀನು "ನಾನ್ ಕಿತ್ತಿಲ್ಲ" ಅಂತ ಒಂದೇ ಸಲ ಹೇಳಿ ಸುಮ್ಮನಾದೆ. ಜಾಗದ ಆಸೆಗೆ ಕಿತ್ತವನು ನನ್ನ ಮಗನೇ ಅಂತ ನಾನೇ ಹೇಳಿಬಿಟ್ಟೆ, ನ್ಯಾಯವಂತ ಅನ್ನಿಸಿಕೊಳ್ಳುವ ಹಟಕ್ಕೆ. ಅವತ್ತೇ ನೀನು ಮನೆ ಬಿಟ್ಟೆ. ಈಗ ಮುನಿಯಣ್ಣ ಅದನ್ನೇ ಬರೆದು ಕೊಡು ಅನ್ನುತ್ತಿದ್ದಾನೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಟ್ಟೆಯಲ್ಲಿ ಎಲ್ಲರೂ ಸೇರುತ್ತಾರೆ. ನಾನು ಸಹಿ ಹಾಕಿದರೆ ಊರಿನ ಪಾಲಿಗೆ ನೀನು ಜನ್ಮಕ್ಕೂ ಕಳ್ಳ. ಮೂರು ದಿನದಿಂದ ಬದು, ಕಾಲುವೆ, ಮಣ್ಣಿನ ಗುಡ್ಡೆ ಎಲ್ಲ ಕೆದಕಿದೆ, ಕಲ್ಲು ಸಿಗಲಿಲ್ಲ. ಜೆಸಿಬಿ ಬಂದ ದಿನ ಹೊಲದಲ್ಲಿ ಇನ್ನೂ ಯಾರ್ಯಾರಿದ್ದರು? ಕಾಗದ ತಂದ ನಿನ್ನ ತಂಗಿಯ ಕೈಯಲ್ಲೇ ಬರೆದು ಕಳಿಸು. ಇದನ್ನು ನಾನು ಅವತ್ತೇ ಕೇಳಬೇಕಿತ್ತು.

ಪಟಾಲಮ್ಮ ತಾಯಿ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ,
ಚಿಕ್ಕಹನುಮಯ್ಯ

ತಾ.ಕ.: ಕಾಗದ ಮಡಿಸುವಾಗ ನಿನ್ನ ಸೋದರತ್ತೆ ಸುಬ್ಬಲಕ್ಷ್ಮಮ್ಮನನ್ನೂ ಒಂದು ಮಾತು ಕೇಳಿದೆ. "ದ್ಯಾವ್ರು ಮಣ್ಣಲ್ ಬಿದ್ದವ್ರೆ ಅಂತ ಆಳ್ ಕೈಲಿ ಎತ್ತಿಸ್ಕೊಂಡ್ ಬಂದೆ, ಇಂಗ್ಯಾಕ್ ಕೇಳ್ತೀಯಪ್ಪಾ" ಅಂದಳು. ಸರ್ವೆಯವರು ಕಲ್ಲಿನ ಮೇಲೆ ಕೊರೆದ ಬಾಣದ ಗುರುತು ಅವಳಿಗೆ ತ್ರಿಶೂಲವಾಗಿ ಕಂಡಿದೆ! ಹಿತ್ತಲ ಬೇವಿನ ಬುಡದಲ್ಲಿ ಅವಳು ಪೂಜಿಸುವ ಏಳು ಕಲ್ಲಿನ ಪಕ್ಕ ಎಂಟನೆಯದು ಸೇರಿದ್ದನ್ನು ಎಣಿಸಿದವರು ಯಾರು? ಅರಿಶಿನ ತೊಳೆದು ನೋಡಿದೆ, ಅದೇ ಕಲ್ಲು. ನಿನ್ನನ್ನು ಕಳ್ಳ ಅಂದ ದಿನ ಬೆಳಿಗ್ಗೆ, ನಿಜ ಹೊರಗೆ ಬರಲಿ ತಂದೆ ಅಂತ ಆ ಕಲ್ಲಿಗೇ ಅಡ್ಡಬಿದ್ದು ಕಟ್ಟೆಗೆ ಹೋಗಿದ್ದೆ ಕಣೋ. ಭಾನುವಾರ ಬಾ ಮಗನೇ. ಆ ಜನರ ಎದುರಿಗೇ ನಾನು ನಿನ್ನ ಕ್ಷಮೆ ಕೇಳಬೇಕು.