ಬಿಸಿಯಾದರೆ ಹೊತ್ತುವ ದೀಪ

ಅಕ್ಕಾ,

ಎದುರು ಕೂತರೆ ಜಗಳವಾಗುತ್ತದೆಂದು ಬರೆಯುತ್ತಿದ್ದೇನೆ. ಇಪ್ಪತ್ತು ವರ್ಷ ನಿನ್ನ ಗ್ಯಾರೇಜಿನಲ್ಲಿ ಹೊಗೆಯ ವಾಸನೆಯಿಂದಲೇ ಡೀಸೆಲ್ ಎಂಜಿನ್ನಿನ ರೋಗ ಹೇಳಿದವನು ನಾನು. ಈಗ ಗಿರಾಕಿಗಳೆಲ್ಲ ಲ್ಯಾಪ್‌ಟಾಪ್ ಹಿಡಿದ ನಿನ್ನ ಸೊಸೆಯನ್ನೇ ಕೇಳಿಕೊಂಡು ಬರುತ್ತಾರೆ. ನೀನೂ ಟೀ ಮೊದಲು ಅವಳಿಗೇ ಕೊಡುತ್ತೀ.

ಆ ಶಾಲೆಯ ಬಸ್ಸು ಬಿಸಿಯಾದ ಕೂಡಲೇ ಹೊಗೆ ದೋಷದ ದೀಪ ಹೊತ್ತಿ, ಪಿಕಪ್ ಇಲ್ಲದೆ ತೆವಳುತ್ತಿತ್ತಲ್ಲ? ಅವಳು ಹೊಸ ಸೆನ್ಸರ್ ಹಾಕಿದರೂ ದೀಪ ಆರಲಿಲ್ಲ. ಸೆನ್ಸರಿನ ವೈರು ಸೈಲೆನ್ಸರ್ ಪೈಪಿಗೆ ತಾಗಿ ಕರಗಿದ್ದನ್ನು ನಾನು ಮೊದಲ ದಿನವೇ ಕಂಡಿದ್ದೆ. ಹಿಂದಿನ ಸಲ ಅದನ್ನು ಅಲ್ಲಿ ಕಟ್ಟಿದವನೂ ನಾನೇ. ತುಟಿಪಿಟಕ್ಕೆನ್ನಲಿಲ್ಲ. ಮೂರು ದಿನ ಅವಳು ಪೇಚಾಡುವುದನ್ನು ನೋಡಿ ಹೊಟ್ಟೆಗೆ ಹಾಲು ಹೊಯ್ದಂತಾಗಿತ್ತು.

ನಿನ್ನೆ ಅವಳೇ ಕಂಡುಹಿಡಿದಳು. ಹೇಗೆಂದು ಕೇಳಿದೆ.

"ನೀವು ಹೋಗ್ತಾ ಬರ್ತಾ ಅಲ್ಲೇ ಬಗ್ಗಿ ನೋಡ್ತಿದ್ರಲ್ಲ ಮಾವ, ಅದಕ್ಕೆ ನಾನೂ ಅಲ್ಲೇ ನೋಡ್ದೆ," ಎಂದಳು.

ಕೆಲಸದ ಪುಸ್ತಕದಲ್ಲಿ, ದೋಷ ಕಂಡುಹಿಡಿದವರ ಜಾಗದಲ್ಲಿ, 'ಮಾವ' ಎಂದು ಬರೆದಿದ್ದಾಳೆ.

ಅದನ್ನು ನೀನೇ ಹೊಡೆದುಹಾಕು ಅಕ್ಕಾ. ಬೆಳಗಿನಿಂದ ಪೆನ್ನು ಹಿಡಿದು ನಾಲ್ಕು ಸಲ ಹೋದೆ. ನನ್ನ ಕೈಯಿಂದ ಆಗಲಿಲ್ಲ.

ನಿನ್ನ ತಮ್ಮ