ಬಂದವರ ಕಲ್ಲು

ಹಿನ್ನೀರು ಏರಿದ ನೂರಾ ನಲವತ್ತನೇ ವರ್ಷ, ಎರಡನೇ ಆಷಾಢದ ಮೂವತ್ನಾಲ್ಕನೇ ದಿನ, ಮುಂಜಾನೆ.

ಸೌಭಾಗ್ಯವತಿ ಕಮಲಾಕ್ಷಿ ಬಸಪ್ಪ ಕಟಗೇರಿ ಅವರಿಗೆ ಪೀಪಾಯಿ ಓಣಿಯ ಕಾಶವ್ವ ಕೈಮುಗಿದು ಬರೆಯುವುದು.

ಮೇಲಿನ ತಾರೀಖು ನೋಡಿ ತಾವು ಗಾಬರಿ ಆಗಬಾರದು. ತಮ್ಮ ಕಾಲದಲ್ಲಿ ತಿಂಗಳಿಗೆ ಮೂವತ್ತು, ಹೆಚ್ಚೆಂದರೆ ಮೂವತ್ತೊಂದು ದಿನ ಇದ್ದವಂತೆ. ನಮ್ಮಲ್ಲಿ ಆಷಾಢದ ಗಾಳಿ ನಿಲ್ಲುವತನಕ ಆಷಾಢ ಮುಗಿಯುವುದಿಲ್ಲ. ನಿಂತ ಗಾಳಿ ಮತ್ತೆ ಎದ್ದರೆ ಎರಡನೇ ಆಷಾಢ ಎಂದು ಮೊದಲಿನಿಂದ ಎಣಿಸುತ್ತೇವೆ. ನನ್ನ ಅಕ್ಷರ ಸೊಟ್ಟಗಿವೆ, ಮಾತು ಹಿಂದೆ ಮುಂದೆ ಆಗಿವೆ, ತಮಗೆ ತಿಳಿಯದ ಶಬ್ದ ಬಂದಾವು, ಅದಕ್ಕೆ ಮೊದಲೇ ಕ್ಷಮೆ ಕೇಳಿಕೊಳ್ಳುತ್ತೇನೆ. ಸಾಲಿತೆಪ್ಪ, ಅಂದರೆ ಓಣಿಯಿಂದ ಓಣಿಗೆ ತೇಲಿಬರುತ್ತಿದ್ದ ಶಾಲೆ, ನಮ್ಮ ಕಡೆ ಎರಡೂವರೆ ವರ್ಷ ಬಂತು. ಆಮೇಲೆ ಒಂದು ಗಾಳಿಗೆ ಅದರ ಹಗ್ಗ ಹರಿಯಿತು. ಮಾಸ್ತರರು ಸಿಕ್ಕರು, ಸಾಲಿ ಸಿಗಲಿಲ್ಲ. ಉಳಿದ ಓದು ನಾನು ಕಲಿತದ್ದು ತಮ್ಮಿಂದ, ಅದನ್ನು ಮುಂದೆ ಹೇಳುತ್ತೇನೆ. ನಾವು ಕ್ಷೇಮ ಎಂದು ಬರೆಯುವುದು ರೂಢಿ. ಇವತ್ತು ಹಾಗೆ ಬರೆಯಲು ನನಗೆ ಧೈರ್ಯ ಇಲ್ಲ.

ತಮಗೆ ನನ್ನ ಗುರುತಿಲ್ಲ. ನಮ್ಮ ಮನೆಯಲ್ಲಿ ಒಂದು ಸ್ಟೀಲಿನ ಡಬ್ಬಿ ಇದೆ, ಐದು ಸೇರು ಜೋಳದ ಹಿಟ್ಟು ಹಿಡಿಯುವಂಥದ್ದು. ಅದರ ಕುತ್ತಿಗೆಯ ಸುತ್ತ ಚುಕ್ಕಿ ಚುಕ್ಕಿಯಾಗಿ ಕೊರೆದಿದೆ: ‘ವಾಸ್ತುಶಾಂತಿಯ ಪ್ರೀತಿಯ ಕಾಣಿಕೆ, ಸೌ. ಕಮಲಾಕ್ಷಿ ಬಸಪ್ಪ ಕಟಗೇರಿ.’ ನನ್ನ ಮುತ್ತಜ್ಜಿಯ ಅಜ್ಜಿ ಹೊಸ ಮನೆ ಹೊಕ್ಕ ದಿನ ತಾವು ಕೊಟ್ಟದ್ದಿರಬೇಕು. ಆ ಮನೆ, ಆ ಊರು ಈಗ ನಮ್ಮ ಕೆಳಗೆ ನೀರಿನ ತಳದಲ್ಲಿವೆ. ಹಿಂದಿನವರಿಗೆ ಏನಾದರೂ ಹೇಳುವುದಿದ್ದರೆ ನಾವು ಕಾಗದಕ್ಕೆ ಮೇಣ ಬಳಿದು, ಕಲ್ಲು ಕಟ್ಟಿ, ಮುಳುಗಿದ ಊರಿನ ಮೇಲೆ ದೋಣಿ ನಿಲ್ಲಿಸಿ ಇಳಿಬಿಡುತ್ತೇವೆ. ಕೆಳಗೆ ಹೋದದ್ದು ಹಿಂದಕ್ಕೂ ಹೋಗುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ಸುಳ್ಳೂ ಇರಬಹುದು. ಮೀನು ತಿಂದರೆ ಏನು ಗತಿ ಎಂದು ಎರಡು ಸಲ ಮೇಣ ಬಳಿಯುವವಳಿದ್ದೇನೆ.

ನಮ್ಮ ಮನೆಗಳು ಒಂಬತ್ತು ಪೀಪಾಯಿಗಳ ಮೇಲೆ ತೇಲುತ್ತವೆ. ಒಂದು ಒಲೆ, ದೇವರಿಗೊಂದು ಮೂಲೆ, ಮಲಗಲು ಒಂದು ಅಂಕಣ, ಇಷ್ಟೇ. ಹೊಸ್ತಿಲ ಕೆಳಗೆ ಪೀಪಾಯಿಗೆ ಒಂದು ಹಳದಿ ಗೆರೆ ಎಳೆದಿರುತ್ತಾರೆ. ನೀರು ಆ ಗೆರೆ ಮುಟ್ಟಿದರೆ ಮನೆ ಭಾರವಾಯಿತು ಎಂದು ಲೆಕ್ಕ. ಗಾಳಿ ಎದ್ದ ದಿನ ಭಾರವಾದ ಮನೆ ತಾನೂ ಹೊರಳುತ್ತದೆ, ಪಕ್ಕದ ಮನೆಯನ್ನೂ ಎಳೆಯುತ್ತದೆ. ಅದಕ್ಕೆ ಗೆರೆ ನೋಡಲೆಂದೇ ಓಣಿಗೊಬ್ಬ ಹೆಂಗಸು ಇದ್ದಾಳೆ, ಗೆರೆಯವ್ವ ಎನ್ನುತ್ತೇವೆ. ನಮ್ಮ ಓಣಿಯ ಗೆರೆಯವ್ವ ದುರಗವ್ವ. ಬಾಯಿ ಜೋರು, ಕಣ್ಣು ಇನ್ನೂ ಜೋರು.

ಇನ್ನೊಂದು ಪದ್ಧತಿ ಇದೆ, ಅದೇ ನನ್ನ ತಪ್ಪಿಗೆ ಮೂಲ. ಯಾರು ಯಾವಾಗ ಬಂದರೂ ಜಾಗ ಇರಬೇಕೆಂದು ಪ್ರತಿ ಮನೆಯ ಬಾಗಿಲಲ್ಲಿ ಒಬ್ಬ ಮನುಷ್ಯನ ತೂಕದಷ್ಟು ಕಲ್ಲು ಚೀಲದಲ್ಲಿ ಕಟ್ಟಿ ಇಟ್ಟಿರುತ್ತೇವೆ. ಅದಕ್ಕೆ ಬಂದವರ ಕಲ್ಲು ಎಂದು ಹೆಸರು. ಬಂದವರು ಹೊಸ್ತಿಲಲ್ಲಿ ಕಾಲಿಡುವಾಗ ಮನೆಯವರು ಚೀಲ ಬಿಚ್ಚಿ ಕಲ್ಲುಗಳನ್ನು ಒಂದೊಂದಾಗಿ ಅವರ ದೋಣಿಗೆ ಕೊಡುತ್ತಾರೆ. ಮನೆ ಇಳಿಯುವುದಿಲ್ಲ, ಇಳಿದುಬಂದವರ ದೋಣಿಯೂ ಹೊಯ್ದಾಡುವುದಿಲ್ಲ. ತಿರುಗಿ ಹೋಗುವಾಗ ಕಲ್ಲು ಮನೆಗೆ ಬರುತ್ತವೆ. ಬರ್ರಿ, ಕೂಡ್ರಿ ಎಂದು ನಾವು ಬಾಯಿಂದ ಹೇಳುವುದು ಕಡಿಮೆ. ಕಲ್ಲು ಕೊಟ್ಟರೆ ಅದೇ ಕರೆದಂತೆ.

ನಾನು ಅಂಜುಬುರುಕಿ. ಏನನ್ನೂ ಬಿಸಾಡಲು ನನ್ನ ಕೈ ಏಳುವುದಿಲ್ಲ. ಹರಿದ ಸೀರೆ ಇದ್ದರೆ ಕೌದಿಗಾದೀತು, ಒಡೆದ ಹುಟ್ಟು ಇದ್ದರೆ ಉರುವಲಿಗಾದೀತು, ತೂತು ಬಿದ್ದ ಬಲೆ ಇದ್ದರೆ ತೇಲುಮಡಿಯ ಜೋಳಕ್ಕೆ ಹಕ್ಕಿ ಬಾರದಂತೆ ಹೊದಿಸಲಾದೀತು. ಇರಲಿ, ನಾಳೆ ಬೇಕಾದರೆ ಎಲ್ಲಿಗೆ ಹೋಗಲಿ, ಎಂದು ಇಟ್ಟೆ. ಇದೆಲ್ಲ ಆದರೂ ಒಂದು ದಿನ ಹೊರಗೆ ಹಾಕಬಹುದಿತ್ತು. ಪಾತ್ರೆ ಭಾಂಡೆ ಹಾಕುವ ಹಾಗಿರಲಿಲ್ಲ. ನೀರು ಏರಿದಾಗ ಜನರ ಸಾಮಾನು ತೇಲಿಹೋಗಿ, ಸಿಕ್ಕವರು ಹಿಡಿದುಕೊಂಡು, ಜಗಳವಾಗಿ ಹೆಣ ಬಿದ್ದವಂತೆ. ಆಗ ಹಿರಿಯರು ಕೂಡಿ ಒಂದು ಕಟ್ಟಳೆ ಮಾಡಿದರು: ಹೆಸರು ಕೊರೆದ ವಸ್ತು ಹೆಸರಿನವರದು, ಅದನ್ನು ಎಸೆಯಬಾರದು, ಕರಗಿಸಬಾರದು. ಹೀಗಾಗಿ ತಾಯಿಂದ ಮಗಳಿಗೆ ಬರುತ್ತ ಬರುತ್ತ ನನ್ನ ಪಾಲಿಗೆ ಹೆಸರಿನ ಭಾಂಡೆ ಅರವತ್ತೊಂದು ಬಂದವು. ತಾಟು, ಚರಗಿ, ಹಿತ್ತಾಳೆ ಕೊಡ, ತಾಮ್ರದ ಹಂಡೆ, ಮುಚ್ಚಳ ಕಳೆದ ಡಬ್ಬಿ. ಅಡುಗೆಗೆ ನಾವು ಬಳಸುವುದು ನಾಲ್ಕೇ.

ಸಾಲಿ ತೇಲಿಹೋದ ಮೇಲೆ ನಾನು ಈ ಭಾಂಡೆಗಳನ್ನೇ ಓದಿದೆ. ಅವ್ವ ತಿಕ್ಕಲು ಕೊಟ್ಟಾಗ ಬೂದಿ ಹಚ್ಚಿ, ಚುಕ್ಕಿಗಳ ಮೇಲೆ ಬೆರಳಾಡಿಸಿ ಕೂಡಿಸಿ ಓದುತ್ತಿದ್ದೆ. ಕ್ಷ ಎಂಬ ಅಕ್ಷರ ನನಗೆ ಗೊತ್ತಾದದ್ದು ತಮ್ಮ ಹೆಸರಿನಿಂದ. ಶಂಕ್ರವ್ವ ಗುರಪ್ಪ ಹಂಡಿ, ಲಲಿತಾಬಾಯಿ ದೇಸಾಯಿ, ನೀಲವ್ವ ಮತ್ತು ಮಕ್ಕಳು, ಇವರೆಲ್ಲ ನನ್ನ ಸಾಲಿಯ ಮಾಸ್ತರರು. ಅವನ್ನು ಹೊರೆ ಎಂದು ನಾನು ಹೇಗೆ ತಿಳಿಯಲಿ?

ಮೂರು ವರ್ಷದ ಹಿಂದೆ ನೀರು ಹಳದಿ ಗೆರೆ ಮುಟ್ಟಿತು. ದುರಗವ್ವ ಬರಲು ಎರಡು ದಿನ ಇತ್ತು. ನನ್ನ ಯಜಮಾನ ಯಮನಪ್ಪ ಬಲೆಗೆ ಹೋದ ಹೊತ್ತಿನಲ್ಲಿ ಬಂದವರ ಕಲ್ಲಿನ ಚೀಲ ಬಿಚ್ಚಿ, ಕಲ್ಲೆಲ್ಲ ನೀರಿಗೆ ಬಿಟ್ಟು, ಆ ಚೀಲದಲ್ಲಿ ಭಾಂಡೆ ತುಂಬಿ ಕಟ್ಟಿದೆ. ಸಪ್ಪಳ ಬಾರದಂತೆ ನಡುನಡುವೆ ಹಳೆಯ ಸೀರೆ ತುರುಕಿದೆ. ಮನೆ ಒಂದು ಬೆರಳು ಮೇಲೆದ್ದಿತು. ದುರಗವ್ವ ನೋಡಿ, ‘ಶಾಣ್ಯಾಕಿ ಆದಿ ಬಿಡು’ ಎಂದು ಹೋದಳು. ಆ ಮೂರು ವರ್ಷ ನಮ್ಮ ಮನೆಗೆ ಯಾರೂ ಉಳಿಯಲು ಬಾರದಂತೆ ನೋಡಿಕೊಂಡೆ. ಬರುತ್ತೇವೆ ಎಂದವರಿಗೆ ಜ್ವರ ಎಂದೆ, ಒಲೆ ಒಡೆದಿದೆ ಎಂದೆ, ಯಜಮಾನರಿಗೆ ಗೊರಕೆ ಬಹಳ ಎಂದೆ. ಚೀಲ ಬಿಚ್ಚಬೇಕಾಗುತ್ತದಲ್ಲ, ಅದಕ್ಕೆ.

ಮಗಳಿಗೆ ಏನು ಹೇಳಲಿ? ನನಗಿರುವುದು ಒಬ್ಬಳೇ, ಸಾವಂತ್ರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಇದು ತಮ್ಮ ಕಾಲದಿಂದ ಬಂದ ಮಾತು, ನೀರಿಗೂ ಮುಳುಗಲಿಲ್ಲ. ಒಂಬತ್ತು ತಿಂಗಳಲ್ಲಿ ಬಿದ್ದ ಮೇಲೆ ಅವಳ ಅತ್ತೆ ದೋಣಿಯಲ್ಲಿ ಕರೆತಂದಳು. ಓಣಿಯ ಹೆಂಗಸರೆಲ್ಲ ತಮ್ಮ ತಮ್ಮ ಹೊಸ್ತಿಲಲ್ಲಿ ನಿಂತಿದ್ದರು, ದುರಗವ್ವ ಆರತಿ ಹಿಡಿದಿದ್ದಳು. ಸಾವಂತ್ರಿ ಒಂದು ಕಾಲು ಹೊಸ್ತಿಲ ಮೇಲೆ, ಒಂದು ಕಾಲು ದೋಣಿಯಲ್ಲಿಟ್ಟು ನಕ್ಕಳು. ನನ್ನ ಕೈ ಚೀಲದ ಗಂಟು ಬಿಚ್ಚಲಾರದೆ ಒದ್ದಾಡುವುದನ್ನು ನೋಡಿ ಯಮನಪ್ಪ, ‘ಸರಿ, ನಾ ಬಿಚ್ಚತೀನಿ’ ಎಂದು ಕುಡುಗೋಲಿನಿಂದ ಹಗ್ಗ ಕೊಯ್ದ. ತಾಟು, ಚರಗಿ ದಡದಡ ಉರುಳಿದವು.

ಕಮಲಾಕ್ಷಿಯವರೇ, ಆಗಲಾದರೂ ಅವನ್ನು ಬೀಗರ ದೋಣಿಗೆ ಎತ್ತಿ ಕೊಟ್ಟಿದ್ದರೆ ಮುಗಿಯುತ್ತಿತ್ತು. ಭಾಂಡೆಯಾದರೇನು, ತೂಕ ತೂಕವೇ. ಹೆಸರಿದ್ದ ವಸ್ತು, ಇಂದಲ್ಲ ನಾಳೆ ತಿರುಗಿ ಬರುತ್ತಿತ್ತು. ಆದರೆ ನನ್ನ ತಲೆಯಲ್ಲಿ ಬಂದದ್ದು ಒಂದೇ: ಐದು ತಿಂಗಳು ಬೇರೆಯವರ ಕೈಯಲ್ಲಿ, ಒಂದು ಕಳೆದರೆ? ನಾನು ಮಗಳಿಗೆ, ‘ತಡಿಯವ್ವಾ, ಇವನ್ನ ಒಳಗ ಇಟ್ಟು ಬರ್ತೀನಿ’ ಎಂದೆ. ಬಗ್ಗಿ ಆಯ್ದುಕೊಂಡೆ. ತಮ್ಮ ಡಬ್ಬಿಯನ್ನು ಮೊದಲು ಆಯ್ದುಕೊಂಡೆ. ದುರಗವ್ವ ಆರತಿ ಕೆಳಗಿಟ್ಟು, ‘ಕಾಶವ್ವಾ, ಬಸುರಿ ದೋಣ್ಯಾಗ ನಿಂತಾಳ, ನೀ ಚರಗಿ ಎಣಸಾಕತ್ತೀಯಲ್ಲ!’ ಎಂದಳು. ಸಾವಂತ್ರಿ ಅಳಲಿಲ್ಲ. ಹೊಸ್ತಿಲ ಮೇಲಿನ ಕಾಲು ಹಿಂದಕ್ಕೆ ತೆಗೆದುಕೊಂಡು, ಮೆಲ್ಲಗೆ, ‘ಯವ್ವಾ, ನನ್ನ ಮ್ಯಾಲೂ ಒಂದು ಹೆಸರು ಕೊರಸಿದ್ರ ಒಳಗ ಇಟ್ಕೊಂತಿದ್ಯೇನು?’ ಎಂದಳು. ದೋಣಿ ತಿರುಗಿತು.

ದುರಗವ್ವ ಗಡುವು ಕೊಟ್ಟಳು. ಮಗಳು, ಸೂಲಗಿತ್ತಿ, ಹುಟ್ಟುವ ಕೂಸು, ಇಷ್ಟು ಜನಕ್ಕೆ ನೀರು ಗೆರೆಗಿಂತ ಮೂರು ಬೆರಳು ಕೆಳಗಿರಬೇಕು. ಇಪ್ಪತ್ತೊಂದನೆಯ ದಿನ ನೋಡುತ್ತೇನೆ, ಇಲ್ಲದಿದ್ದರೆ ಹೆರಿಗೆ ಅತ್ತೆಯ ಮನೆಯಲ್ಲೇ, ತವರು ಇಲ್ಲದವಳ ಹಾಗೆ, ಎಂದಳು. ಆ ಗಡುವು ನಾಳೆ.

ಕರಗುತೆಪ್ಪದ ಕಮ್ಮಾರರು ಹೆಸರಿಲ್ಲದ ಲೋಹ ತೆಗೆದುಕೊಳ್ಳುತ್ತಾರೆ, ಕಾಯಿಸಿ ಬಡಿದು ಮೊಳೆ, ದೋಣಿಯ ತೇಪೆ ಮಾಡುತ್ತಾರೆ. ಹೆಸರು ಅಳಿಸಿದರೆ ಕಟ್ಟಳೆ ಮುರಿದಂತಾಗುತ್ತದೆಯೇ ಎಂದು ದುರಗವ್ವನನ್ನೇ ಕೇಳಿದೆ. ಅವಳು, ‘ಹೆಸರಿನವರ್ನ ಕೇಳಿ ಅಳಸು’ ಎಂದಳು. ಅಂದಿನಿಂದ ದಿನಾ ಮುಂಜಾನೆ ಹೊಸ್ತಿಲಲ್ಲಿ ಕುಳಿತು, ಬಾದಾಮಿ ಕಡೆಯ ಕೆಂಪು ಮರಳುಗಲ್ಲಿನಿಂದ ದಿನಕ್ಕೆ ಮೂರು ಹೆಸರು ಉಜ್ಜುತ್ತಿದ್ದೇನೆ. ಮೊದಲು ಒಂದು ಸಲ ಹೆಸರು ಗಟ್ಟಿಯಾಗಿ ಓದುತ್ತೇನೆ, ಯಾರದು, ಯಾತಕ್ಕೆ ಕೊಟ್ಟದ್ದು ಎಲ್ಲ. ಆಮೇಲೆ, ‘ನನ್ನ ಮಗಳು ಬರಬೇಕಾಗಿದೆ, ಜಾಗ ಬಿಟ್ಟುಕೊಡ್ರಿ’ ಎಂದು ಕೇಳಿ ಉಜ್ಜುತ್ತೇನೆ. ಬೆರಳ ತುದಿ ಸುಲಿದಿವೆ. ಅರವತ್ತು ಹೋದವು. ಸೀರೆ, ಬಲೆ, ಹುಟ್ಟು ಹೋದವು.

ಮನೆ ಖಾಲಿಯಾದಂತೆ ಏನೇನೋ ಆಗುತ್ತಿದೆ, ಬರೆಯಲು ನಾಚಿಕೆ. ನೆಲಕ್ಕೆ ಹಾಸಿದ್ದು ಬೇವಿನ ಹಲಗೆ ಎಂದು ನನಗೆ ಈಗ ಗೊತ್ತಾಯಿತು. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತದೆ, ಮೊದಲು ಒಳಗೆ ಬಂದದ್ದು ಅಲ್ಲೇ ಕೊಳೆಯುತ್ತಿತ್ತು. ಯಮನಪ್ಪ ಹನ್ನೆರಡು ವರ್ಷದಲ್ಲಿ ಮೊದಲ ಸಲ ಕಾಲು ಚಾಚಿ ಮಲಗಿ, ಎದ್ದು ಕಣ್ಣು ತಿಕ್ಕುತ್ತ, ‘ಕಾಶೀ, ತಪ್ಪಿ ಬ್ಯಾರೆಯವರ ಮನ್ಯಾಗ ಮಲಗೀನೇನು?’ ಎಂದ. ನಾವು ಹೊಂದಿಕೊಂಡು ಮಾತಾಡಿ ಎಷ್ಟು ವರ್ಷವಾಗಿತ್ತು. ಅದು ಎಲ್ಲಿದೆ, ಇದನ್ನು ಯಾರು ಸರಿಸಿದರು, ಇದೇ ಮಾತಾಗಿತ್ತು. ಮೊನ್ನೆ ಪಕ್ಕದ ಮನೆಯವಳು ಕರೆಯದೇ ಬಂದು ಅರ್ಧ ತಾಸು ಕುಳಿತು ಹೋದಳು. ಏನೂ ಕೇಳಲಿಲ್ಲ, ಸುಮ್ಮನೆ ಕುಳಿತಳು. ಆದರೂ ನನಗೆ ನೆಮ್ಮದಿ ಇಲ್ಲ. ಕೂಸಿಗೆ ನೀರು ಕಾಸಲು ಹಂಡೆ ಬೇಕಾದರೆ? ನೆಂಟರು ಒಮ್ಮೆಲೇ ಹತ್ತು ಜನ ಬಂದರೆ? ಅಡುಗೆಗೆ ಹೆಸರಿಲ್ಲದ ಒಂದೇ ಪಾತೇಲಿ ಇಟ್ಟುಕೊಂಡಿದ್ದೇನೆ, ಅದು ತೂತಾದರೆ?

ಈಗ ಉಳಿದದ್ದು ತಮ್ಮದೊಂದೇ. ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಉಳಿದವರನ್ನು ಬಾಯಿಂದ ಕೇಳಿದೆ, ತಮ್ಮನ್ನು ಕಾಗದದಲ್ಲಿ ಕೇಳುತ್ತಿದ್ದೇನೆ, ತಾವು ನನಗೆ ಓದು ಕಲಿಸಿದವರು. ತಾವು ಬೇಡ ಎನ್ನುವುದಾದರೆ ನನ್ನ ಕೈ ನಡುಗಬೇಕು. ನಡುಗುತ್ತಿದೆ, ಆದರೆ ಅದು ಯಾವಾಗಲೂ ನಡುಗುತ್ತದೆ, ಹೀಗಾಗಿ ತಿಳಿಯುತ್ತಿಲ್ಲ.

ಇಲ್ಲಿಗೆ ನಿಲ್ಲಿಸಿ ಮೂರು ದಿನವಾಯಿತು. ಉಳಿದದ್ದನ್ನು ಬರೆದು ಇಳಿಬಿಡುತ್ತೇನೆ.

ಅಂದು ತಮ್ಮ ಹೆಸರು ಅಳಿಸಿದೆ. ಕ್ಷ ಕೊನೆಗೆ ಹೋಯಿತು. ಮರುದಿನ ದುರಗವ್ವ ಬಂದು ನೀರಿಗೆ ಕೈ ಅದ್ದಿ ಅಳೆದಳು. ಮೂರು ಬೆರಳಿಗೆ ಒಂದು ಕೂದಲು ಕಡಿಮೆ. ಅವಳು ನನ್ನ ಬೆರಳು ನೋಡಿ, ತನ್ನ ಕೈ ನೋಡಿಕೊಂಡು, ‘ನನ್ನ ಬೆರಳು ದಪ್ಪ ಅದಾವ, ಇರಲಿ’ ಎಂದಳು. ತಾನೇ ದೋಣಿ ತೆಗೆದುಕೊಂಡು ಹೋಗಿ ಸಾವಂತ್ರಿಯನ್ನು ಕರೆತಂದಳು. ಕೊಡಲು ನನ್ನ ಬಾಗಿಲಲ್ಲಿ ಕಲ್ಲು ಇರಲಿಲ್ಲ. ಕೈ ಚಾಚಿದೆ. ಮಗಳು ನನ್ನ ಸುಲಿದ ಬೆರಳು ನೋವಾಗದಂತೆ ಮುಂಗೈ ಹಿಡಿದು ಒಳಗೆ ಬಂದಳು. ಹೆಸರು ಕೊರೆಸುವ ಆ ಮಾತಿನ ಸುದ್ದಿ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ. ಮರೆತಿದ್ದಾಳೆ ಎಂದು ನಾನು ತಿಳಿದಿಲ್ಲ.

ತಮ್ಮಲ್ಲಿ ಒಂದೇ ಬೇಡಿಕೆ. ಈ ಕಾಗದ ಮುಟ್ಟುವ ಹೊತ್ತಿಗೆ ತಾವು ಡಬ್ಬಿ ತರಲು ಇನ್ನೂ ಪೇಟೆಗೆ ಹೋಗಿರದಿದ್ದರೆ, ದಯಮಾಡಿ ಹೋಗಬೇಡಿರಿ. ಹೊಸ ಮನೆ ಹೊಕ್ಕವರಿಗೆ ಕೊಡಲೇಬೇಕು ಎನಿಸಿದರೆ ಬೆಲ್ಲ ಕೊಡಿರಿ, ಎಣ್ಣೆ ಕೊಡಿರಿ, ಎರಡು ಹೊತ್ತಿಗೆ ತೀರುವುದನ್ನು ಕೊಡಿರಿ. ಎರಡು ದಿನ ಇದ್ದು ಅವರ ರೊಟ್ಟಿಗೆ ಕೈ ಹಚ್ಚಿರಿ. ಪ್ರೀತಿಯಿಂದಲೇ ಕೊಟ್ಟಿದ್ದೀರಿ, ನನಗೆ ಗೊತ್ತು, ಡಬ್ಬಿಯ ಮೇಲೆ ಹಾಗೆಂದೇ ಬರೆದಿತ್ತು. ಆದರೆ ಕೊಟ್ಟವರು ಹೋಗುತ್ತಾರೆ, ಇಸಿದುಕೊಂಡವರು ಹೋಗುತ್ತಾರೆ. ಬಿಸಾಡಲು ಯಾರ ಅಪ್ಪಣೆ ಕೇಳಬೇಕೆಂದು ತಿಳಿಯದೆ ನನ್ನಂಥವಳೊಬ್ಬಳು ಬಾಗಿಲಲ್ಲಿ ನಿಂತ ಮಗಳನ್ನು ತಿರುಗಿ ಕಳಿಸುತ್ತಾಳೆ.

ಇನ್ನೂ ಬರೆಯುವುದಿತ್ತು. ಸಾವಂತ್ರಿಗೆ ಮುಂಜಾನೆಯಿಂದ ನಡು ಹಿಡಿದಿದೆ, ಈಗ ಸೂಲಗಿತ್ತಿ ಬಿಸಿನೀರು ಎನ್ನುತ್ತಿದ್ದಾಳೆ. ಇರುವ ಒಂದೇ ಪಾತೇಲಿಯಲ್ಲಿ ಅನ್ನ ಕುದಿಯುತ್ತಿದೆ, ಇನ್ನೂ ಬೆಂದಿಲ್ಲ. ಪಕ್ಕದ ಮನೆಯವಳು ತನ್ನ ಹೊಸ್ತಿಲಲ್ಲೇ ಇದ್ದಾಳೆ. ಒಂದು ಪಾತೇಲಿ ಕೊಡವ್ವಾ ಎಂದು ನಾನು ಜೀವಮಾನದಲ್ಲಿ ಯಾರನ್ನೂ ಕೇಳಿದವಳಲ್ಲ. ಎದ್ದು ಹೋಗಿ ಕೇಳುತ್ತೇನೆ.